ಶೆಟ್ಟಿ ಅಂದರೆ ಯಾವ ಶೆಟ್ಟಿ?

ನಮ್ಮ ಭಾಯಂದರಿನ ಕಟ್ಟಡಗಳಿಗೆ ಬೇಲಿ ಎಲ್ಲಿಂದ ಬರಬೇಕು? ಕಿಟಕಿಯ ಗ್ರಿಲ್ ಉಂಟು, ಅಷ್ಟೇ. ಪಕ್ಕದ ಫ್ಲ್ಯಾಟಿನ ಅಕ್ಕನ ಗ್ರಿಲ್‌ನಲ್ಲಿ ತುಳಸಿ, ನಮ್ಮದರಲ್ಲಿ ಒದ್ದೆ ಬಟ್ಟೆ. ಊರ ಪಂಚಾತಿಕೆಯೆಲ್ಲ ಈ ಎರಡರ ನಡುವೆ. ಮೊನ್ನೆ ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಅಕ್ಕ ಒಳಗೆ ಹೋಗಲಿಲ್ಲ.

"ನಮ್ಮ ಹುಡುಗನಿಗೆ ಎಂತದೋ ಮರುಳು ಹಿಡಿದಿದೆ ಮಾರಾಯ್ರೆ."

ಹುಡುಗ ಇರುವುದು ಮಿನಿಯಾಪೊಲಿಸ್‌ನಲ್ಲಿ. ಅವನ ಆಫೀಸಿನವನೊಬ್ಬ ರಜೆ ಹಾಕಿ ನಾರ್ವೆಗೆ ಹೋಗಿ, ಮುತ್ತಜ್ಜನ ಅಪ್ಪ ಹುಟ್ಟಿದ ಮನೆಯನ್ನು ಪತ್ತೆ ಹಚ್ಚಿ, ಅದರ ಎದುರು ನಿಂತು ಫೋಟೊ ತೆಗೆಸಿಕೊಂಡು ಬಂದಿದ್ದಾನೆ. ಅಂದಿನಿಂದ ಇವನದ್ದೂ ಒಂದೇ ರಾಗ: ಅಮ್ಮ, ನಮ್ಮ ಮೂಲ ಎಲ್ಲಿ?

"ಕಾರ್ಕಳ ಅಂದೆ. ಕಾರ್ಕಳದಲ್ಲಿ ಎಲ್ಲಿ ಅಂತ ಕೇಳ್ತಾನೆ. ಘಾಟ್ಕೋಪರದಲ್ಲಿ ಹುಟ್ಟಿದವಳಿಗೆ ಅದೆಲ್ಲ ಎಂತ ಗೊತ್ತು?"

ಆ ನಾರ್ವೆಯವನಿಗೆ ಹುಡುಕಲು ದಾರಿ ಇತ್ತು ಅನ್ನಿ. 1825ರ ಜುಲೈ 4ರಂದು ಸ್ಟಾವೆಂಜರ್ ಬಂದರಿನಿಂದ ‘ರೆಸ್ಟೊರೇಷನ್’ ಎಂಬ ಪುಟ್ಟ ಹಾಯಿಹಡಗು 52 ಜನರನ್ನು ಹೊತ್ತು ಹೊರಟು ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿತು. ದಾರಿಯಲ್ಲೇ ಒಂದು ಮಗುವೂ ಹುಟ್ಟಿತು. ಆಮೇಲಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ಜನ ಅದೇ ಹಾದಿ ಹಿಡಿದರು. ಅವರ ಪಾದ್ರಿಗಳು ಮಾತ್ರ ಬಲು ಗಟ್ಟಿಗರು. ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು, ಕೊನೆಗೆ ಊರು ಬಿಟ್ಟದ್ದನ್ನೂ ಚರ್ಚಿನ ಪುಸ್ತಕದಲ್ಲಿ ಬರೆದಿಟ್ಟರು. ಈಗ ಅವೆಲ್ಲ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿನ ರೈತರ ಹೆಸರಿನ ಕ್ರಮವೂ ಚೆನ್ನಾಗಿತ್ತು: ಮೊದಲು ತನ್ನ ಹೆಸರು, ಆಮೇಲೆ ಅಪ್ಪನದ್ದು, ಕೊನೆಗೆ ತಾನಿರುವ ಹೊಲಮನೆಯದ್ದು. ಅಮೆರಿಕಕ್ಕೆ ಹೋಗಿ ಬರೀ ಓಲ್ಸನ್, ಹಾನ್ಸನ್ ಎಂದು ಬರೆಸಿಕೊಂಡವರ ಮೊಮ್ಮಕ್ಕಳು ಮಾತ್ರ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಓಲ್ಸನ್ ಅಂದರೆ ಯಾವ ಓಲ್ಸನ್?

ಮುಂಬೈಯಲ್ಲಿ ಶೆಟ್ಟಿ ಅಂದರೆ ಯಾವ ಶೆಟ್ಟಿ? ಅದೇ ಕಥೆ. ಪೂಜಾರಿಗೂ ಅಷ್ಟೇ, ಬಂಗೇರನಿಗೂ ಅಷ್ಟೇ. ಈ ವಿಷಯದಲ್ಲಿ ಪುಣ್ಯವಂತರು ಸಾರಸ್ವತರು. ಕಾಯ್ಕಿಣಿ, ಹಟ್ಟಿಯಂಗಡಿ, ಬಿಜೂರು, ತ್ರಾಸಿ, ಕಲ್ಯಾಣಪುರ ಎಂದು ಊರನ್ನೇ ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಮುಂಬೈಗೆ ಬಂದರು. ಸಿನಿಮಾದ ಗುರುದತ್ತರ ಮೂಲ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಮಗ, ಅಪ್ಪ, ಊರು, ಮೂರೂ ಸಾಲಾಗಿ ಉಂಟು. ಗಾಮ್‌ದೇವಿಯಲ್ಲಿ 1915ರಲ್ಲೇ ಸಹಕಾರಿ ವಸತಿ ಸಂಘ ಕಟ್ಟಿಕೊಂಡ ಜನ, ಲೆಕ್ಕಪತ್ರದಲ್ಲಿ ಬಿಗಿ. ಎಷ್ಟು ಬಿಗಿ ಎಂದರೆ ಅಮೆರಿಕದ ಫ್ರಾಂಕ್ ಕಾನ್ಲನ್ ಎಂಬ ಪ್ರೊಫೆಸರರು ಚಿತ್ರಾಪುರ ಸಾರಸ್ವತರ 1700ರಿಂದ 1935ರ ತನಕದ ಚರಿತ್ರೆಯನ್ನೇ ಒಂದು ಪುಸ್ತಕ ಮಾಡಿ 1977ರಲ್ಲಿ ಹೊರತಂದರು. ನಮ್ಮ ಹೋಟೆಲ್ ಹುಡುಗರ ಲೆಕ್ಕ ಬರೆದವರು ಯಾರು? ಚಡ್ಡಿ ಹಾಕಿಕೊಂಡು ಊರವರೊಬ್ಬರ ಬೆನ್ನು ಹಿಡಿದು ಬಂದು, ಹಗಲು ಕಪ್ಪುಬಸಿ ತೊಳೆದು, ರಾತ್ರಿಶಾಲೆಯಲ್ಲಿ ಕಣ್ಣು ತೂಗಿಸಿದವರು ಅವರು.

ಹಾಗೆಂದು ಕಾಗದವೇ ಇಲ್ಲ ಎಂದಲ್ಲ. ಅಕ್ಕನ ಮಗ ಹಟ ಹಿಡಿದು ಒಂದು ಕಟ್ಟು ತರಿಸಿಕೊಂಡಿದ್ದಾನೆ. ಅದರಲ್ಲಿ ಅವನ ಅಜ್ಜನ ಲೀವಿಂಗ್ ಸರ್ಟಿಫಿಕೇಟ್ ಉಂಟು. ಮಡಿಕೆಯಲ್ಲಿ ಹರಿದು, ಹಿಂದಿನಿಂದ ಟೇಪು ಹಚ್ಚಿ, ಆ ಟೇಪೂ ಹಳದಿಯಾಗಿದೆ. ಹುಟ್ಟಿದ ಸ್ಥಳ: ಕಾರ್ಕಳ, ಸೌತ್ ಕೆನರಾ, ಮದ್ರಾಸ್. ಹುಡುಗ ಗಾಬರಿ ಬಿದ್ದು, ಅಮ್ಮ, ನಾವು ತಮಿಳರಾ ಎಂದು ಕೇಳಿದನಂತೆ! ಜಿಲ್ಲೆ 1956ರ ನವೆಂಬರ್ 1ರ ತನಕ ಮದ್ರಾಸಿನ ಕೈಕೆಳಗೆ ಇತ್ತು, ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿದ್ದು 1997ರಲ್ಲಿ ಎಂದು ನಾನೇ ವಿವರಿಸಬೇಕಾಯಿತು.

ಆಗ ನನಗೆ ಇನ್ನೊಂದು ಹೊಳೆಯಿತು.

"ಅಕ್ಕ, ಕಾರ್ಕಳ ನಿಮ್ಮ ಯಜಮಾನರ ಅಪ್ಪನದ್ದಲ್ವಾ?"

"ಹೌದು."

"ಮತ್ತೆ ನಿಮ್ಮ ಮಗನ ಕುಟುಂಬ ಅದು ಹೇಗಾಗ್ತದೆ? ಅಳಿಯಕಟ್ಟಿನವರಲ್ವಾ ನೀವು? ಅವನ ಬಳಿ ನಿಮ್ಮದು. ನಿಮ್ಮದು ನಿಮ್ಮ ಅಮ್ಮನದ್ದು."

ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡರು. ತಿಂಗಳುಗಟ್ಟಲೆ ಹುಡುಗ ಹತ್ತಿದ್ದು ಬೇರೆಯವರ ಮರ! ತಪ್ಪು ಅವನದ್ದಲ್ಲ ಬಿಡಿ. ಮುಂಬೈಯ ಕಾಗದವೇ ಹಾಗೆ. ಇಲ್ಲಿ ಯಾವ ಫಾರ್ಮ್ ತುಂಬಿದರೂ ನಡುವೆ ಅಪ್ಪನ ಹೆಸರು ಕೂರಲೇಬೇಕು. ರೇಷನ್ ಕಾರ್ಡಿನಿಂದ ಪಾಸ್‌ಪೋರ್ಟಿನವರೆಗೆ ಅಪ್ಪಂದಿರ ಮೆರವಣಿಗೆ. ನಮ್ಮ ಬಂಟರು, ಬಿಲ್ಲವರು, ಮೊಗವೀರರಲ್ಲಿ ಕುಟುಂಬವೂ ಬಳಿ ಎನ್ನುವ ಕುಲದ ಹೆಸರೂ ಹರಿದದ್ದು ತಾಯಿಯ ಕಡೆಯಿಂದ. 1949ರಲ್ಲಿ ಮದ್ರಾಸ್ ಸರಕಾರ ಅಳಿಯಸಂತಾನ ಕಾಯಿದೆ ತಂದು ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆಸ್ತಿಯ ದಾರಿಯೇ ಬದಲಾಯಿತು. ಸೂತಕದ ದಾರಿ ಬದಲಾಗಲಿಲ್ಲ. ಊರಲ್ಲಿ ಕುಟುಂಬದ ಅಜ್ಜಿಯೊಬ್ಬರು ತೀರಿಕೊಂಡರೆ ಡೊಂಬಿವಲಿ, ಚೆಂಬೂರು, ನಾಲಾಸೋಪಾರಗಳಿಗೆ ಫೋನು ಹೋಗುತ್ತದಲ್ಲ, ಯಾರ್ಯಾರಿಗೆ ಹೋಯಿತು ಎಂದು ಬರೆದುಕೊಳ್ಳಿ. ವಂಶವೃಕ್ಷ ಬೇರೆ ಬೇಕಾಗಿಲ್ಲ.

ಮದುವೆ ದಲ್ಲಾಳಿಗಳೂ ಸಾಮಾನ್ಯದವರಲ್ಲ. ಒಂದೇ ಬಳಿಯೊಳಗೆ ಸಂಬಂಧ ಆಗದು, ಹಾಗಾಗಿ ಹುಡುಗನ ಸಂಬಳಕ್ಕಿಂತ ಮೊದಲು ಅವನ ಅಮ್ಮನ ಬಳಿ ವಿಚಾರಿಸುತ್ತಾರೆ. ಕಾರ್ಡುಗಳನ್ನೂ ನೋಡಿ. ಮದುವೆ ಮೀರಾರೋಡಿನ ಹಾಲಿನಲ್ಲೇ ಆಗಲಿ, ಹೆಸರಿನ ಕೆಳಗೆ ಊರಿನ ಮನೆಯ ಹೆಸರು ಗುತ್ತು, ಬರ್ಕೆ ಸಮೇತ ಇರುತ್ತದೆ. ಪತ್ರಿಕೆಯ ನಿಧನವಾರ್ತೆಯೂ "ಮೂಲತಃ" ಎಂದು ಶುರುವಾಗಿ ಮನೆ ಹೆಸರಿಗೆ ಬಂದು ನಿಲ್ಲುತ್ತದೆ. ಹಳೇ ಕಾರ್ಡುಗಳನ್ನು ರದ್ದಿಗೆ ಹಾಕುವವರಿಗೆ ನಾನು ಬೈಯುವುದು ಇದಕ್ಕೇ.

ಇಷ್ಟೂ ಬಿಟ್ಟು ನಮ್ಮವರು ಹೋಗುವುದು ಜೋಯಿಸರ ಹತ್ತಿರ. ಮಗಳಿಗೆ ಮದುವೆ ಆಗುತ್ತಿಲ್ಲ, ಹೋಟೆಲ್ ನಡೆಯುತ್ತಿಲ್ಲ, ಕವಡೆ ಹಾಕಿ ನೋಡಿದರೆ ಮೂಲನಾಗನ ದೋಷ. ಆಮೇಲೆ ಮತ್ಸ್ಯಗಂಧ ರೈಲು ಹತ್ತಿ, ಕಾರು ಮಾಡಿಕೊಂಡು, ಕಾಡು ಹಿಡಿದ ನಾಗಬನ ಹುಡುಕುವುದು. ಪ್ರಶ್ನೆಯ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಆದರೆ ಒಪ್ಪಬೇಕು: ಮೂರು ತಲೆಮಾರು ಮುಖ ನೋಡದ ದಾಯಾದಿಗಳನ್ನು ಒಂದು ಅಂಗಳದಲ್ಲಿ ಕೂರಿಸಿದ್ದು ಆ ನಾಗನೇ. ತಂಬಿಲದ ದಿನ ಖರ್ಚು ಪಾಲು ಹಾಕುವಾಗ ಯಾರು ಯಾವ ಅಜ್ಜಿಯ ಮಕ್ಕಳು ಎಂದು ಕರಾರುವಾಕ್ಕಾಗಿ ಹೊರಬೀಳುತ್ತದೆ. ನಾರ್ವೆಯ ಪಾದ್ರಿಯ ಪುಸ್ತಕಕ್ಕೆ ಅದೇನೂ ಕಡಿಮೆಯಲ್ಲ, ಒಂದು ಕೈ ಮೇಲೆಯೇ. ಪುಸ್ತಕದಲ್ಲಿ ಯಾರೂ ಜಗಳಕ್ಕೆ ನಿಲ್ಲುವುದಿಲ್ಲವಲ್ಲ.

ಅಕ್ಕ ಕುರ್ಲಾದಲ್ಲಿರುವ ತಮ್ಮ ಚಿಕ್ಕಮ್ಮನಿಗೆ ಫೋನು ಮಾಡಿದರು. ತೊಂಬತ್ತರ ಹತ್ತಿರದ ಜೀವ, ಕಿವಿ ಮಂದ, ನೆನಪು ಚೂಪು. ಮೂಡುಬಿದಿರೆ ಕಡೆಯ ಒಂದು ಮನೆಯ ಹೆಸರು, ಬಳಿ, ದೈವ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಇಷ್ಟು ವರ್ಷ ಯಾಕೆ ಕೇಳಲಿಲ್ಲ?" ಎಂದು ಗದರಿದರಂತೆ.

ನಿಮ್ಮ ಮನೆಯಲ್ಲೂ ಅಂಥ ಹಿರಿಯ ಹೆಂಗಸರೊಬ್ಬರು ಇದ್ದಾರು. ಈ ಭಾನುವಾರವೇ ಹೋಗಿ ಕೂತು, ಅವರ ಅಮ್ಮನ ಅಮ್ಮ ಯಾವ ಮನೆಯವರು ಎಂದು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಪ್ಪನ ಹೆಸರು ಹೇಗೂ ಆಧಾರ್ ಕಾರ್ಡಿನಲ್ಲಿ ಉಂಟು.