ಮರಳಿದೆ, ರೈಲಿದೆ, ಸಮುದ್ರ ಒಂದಿಲ್ಲ

ನಂಜನಗೂಡಿಗೆ ರೈಲಿದೆ, ಟಿ. ನರಸೀಪುರಕ್ಕೆ ಇಲ್ಲ. ಈ ಒಂದು ವಿಷಯ ಎತ್ತದಿದ್ದರೆ ಎರಡೂ ಊರಿನವರು ಹೆಣ್ಣು ಕೊಟ್ಟು, ಹೆಣ್ಣು ತಂದು ಸುಖವಾಗಿಯೇ ಇರಬಹುದು. ನಮ್ಮಕ್ಕನನ್ನು ಕೊಟ್ಟಿರುವುದು ನರಸೀಪುರಕ್ಕೆ. ಹಾಗಾಗಿ ಭಾವ ಕೈಗೆ ಸಿಕ್ಕಾಗಲೆಲ್ಲ ನಾನು ಅದನ್ನೇ ಎತ್ತುತ್ತೇನೆ. "ಭಾನುವಾರ ನಿಮ್ಮೂರಿಗೆ ಬರೋಣ ಅಂತಿದ್ದೀನಿ ಭಾವ, ರೈಲು ಎಷ್ಟು ಹೊತ್ತಿಗೆ?"

ಈಚೆಗೆ ಈ ಬಾಣ ನಾಟುತ್ತಿಲ್ಲ. ಭಾವ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಬಂದಿದ್ದಾರೆ. ಬರೀ ಹೋಗಿ ಬಂದಿದ್ದರೆ ಹೇಗೋ ಸಹಿಸಬಹುದಿತ್ತು. ಲಂಡನ್ನಿನಿಂದ ರೈಲು ಹತ್ತಿ ಬ್ರೈಟನ್ನು, ಸೌತೆಂಡು ಅಂತ ಕಡಲ ದಡದ ಊರುಗಳನ್ನೆಲ್ಲ ಸುತ್ತಿದ್ದಾರೆ. "ತಿಂಡಿ ತಿಂದು ರೈಲು ಹತ್ತು, ಒಂದು ಗಂಟೆಗೆ ಸಮುದ್ರ. ಸಂಜೆ ಕಾಫಿ ಹೊತ್ತಿಗೆ ಮನೆ. ನಿಮ್ಮ ನಂಜನಗೂಡಿನ ರೈಲು ಹತ್ತಿದರೆ ಏನಯ್ಯಾ ಸಿಗುತ್ತೆ? ಚಾಮರಾಜನಗರ!"

ಚಾಮರಾಜನಗರಕ್ಕೇನಾಗಿದೆ ಅಂತ ಜಗಳಕ್ಕೆ ನಿಲ್ಲಬಹುದಿತ್ತು. ಅದು ಅಲ್ಲಿನವರ ಕೆಲಸ. ನಾನು ನಮ್ಮೂರಿನ ಪರ ವಕಾಲತ್ತು ಹಿಡಿದೆ.

ಮೊದಲನೆಯದಾಗಿ, ಇಂಗ್ಲೆಂಡಿನವರೇನು ಅನಾದಿ ಕಾಲದಿಂದ ಸಮುದ್ರಸ್ನಾನ ಮಾಡಿಕೊಂಡು ಬಂದವರಲ್ಲ. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರೇ ಮದ್ದು ಎಂದು ಪುಸ್ತಕ ಬರೆದ. ಆಮೇಲೆ ಬ್ರೈಟನ್ನಿನಲ್ಲೇ ಮನೆ ಕಟ್ಟಿಕೊಂಡು ಕೂತ. ಮೀಯಿರಿ ಅಂದಿದ್ದರೆ ಸಾಕಿತ್ತು, ಕುಡಿಯಿರಿ ಅಂತಲೂ ಹೇಳಿದ. ಸಿರಿವಂತರು ಸಾಲುಗಟ್ಟಿ ಬಂದು ಮುಖ ಹುಳ್ಳಗೆ ಮಾಡಿಕೊಂಡು ಉಪ್ಪುನೀರು ಕುಡಿದರು. ನಮ್ಮೂರಲ್ಲೂ ಒಬ್ಬ ವೈದ್ಯನಿದ್ದಾನೆ, ದೇವಸ್ಥಾನದ ನಂಜುಂಡೇಶ್ವರ. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿ ಮಾಡಿ 'ಹಕೀಮ ನಂಜುಂಡ' ಅನ್ನಿಸಿಕೊಂಡವನು, ಅದಕ್ಕೆ ಪಚ್ಚೆಲಿಂಗವನ್ನು ಕಾಣಿಕೆಯಾಗಿ ಪಡೆದವನು ಅಂತ ಪ್ರತೀತಿ. ಇಬ್ಬರಿಗೂ ಇರುವ ವ್ಯತ್ಯಾಸ ಇಷ್ಟೇ: ಅವರ ವೈದ್ಯ ರೋಗಿಗಳಿಗೆ ಕುಡಿಸಿದ, ನಮ್ಮವನು ವಿಷವನ್ನು ತಾನೇ ಕುಡಿದ.

"ಅದಿರಲಿ, ರೈಲಿನ ಮಾತಾಡು," ಅಂದರು ಭಾವ. ರೈಲಿನ ಮಾತನ್ನು ನರಸೀಪುರದವರು ನಂಜನಗೂಡಿನವನ ಹತ್ತಿರ ಎತ್ತುವುದೇ? ಸರಿ, ಕೇಳಿ ಅಂದೆ.

ಬ್ರೈಟನ್ನಿಗೆ ರೈಲು ಬಂದದ್ದು 1841ರಲ್ಲಿ. ಅಲ್ಲಿಯವರೆಗೆ ದೊರೆಗಳು, ದೊರೆಸಾನಿಯರು ಸಾರೋಟಿನಲ್ಲಿ ಬರುತ್ತಿದ್ದ ಊರಿಗೆ ದರ್ಜಿ, ಗುಮಾಸ್ತ, ಗಿರಣಿ ಕೂಲಿ ಎಲ್ಲರೂ ಅಗ್ಗದ ಟಿಕೆಟ್ಟಿನಲ್ಲಿ ಬಂದಿಳಿದರು. 1871ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿ ಬ್ಯಾಂಕಿನವರಿಗೆ ರಜೆ ಕೊಟ್ಟ ಮೇಲಂತೂ ಕಡಲ ದಡದಲ್ಲಿ ಕಾಲಿಡಲು ಜಾಗವಿಲ್ಲ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಅಂದರೆ ಐವತ್ತು ವರ್ಷ ತಡವಾಗಿ. ಆದರೆ ಸೇತುವೆ? ನಮ್ಮೂರ ಹೊಳೆ ಕಪಿಲೆಗೆ, ಅಂದರೆ ಕಬಿನಿಗೆ, ದಳವಾಯಿ ದೇವರಾಜಯ್ಯ ಕಲ್ಲಿನ ಸೇತುವೆ ಕಟ್ಟಿಸಿದ್ದು 1735ರಲ್ಲಿ. ಆಗ ಇಂಗ್ಲೆಂಡಿನಲ್ಲೂ ಉಗಿಬಂಡಿ ಇರಲಿಲ್ಲ. ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಓಡಲು ಇನ್ನೂ ತೊಂಬತ್ತು ವರ್ಷ ಬಾಕಿಯಿತ್ತು. ಹೆಣ್ಣು ಹುಟ್ಟುವ ಮೊದಲೇ ಚಪ್ಪರ ಹಾಕಿಸಿದ ಹಾಗೆ, ರೈಲು ಹುಟ್ಟುವ ಮೊದಲೇ ಅದು ದಾಟಲು ಸೇತುವೆ ಕಟ್ಟಿಟ್ಟುಕೊಂಡವರು ನಾವು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುವ ತನಕ ರೈಲು ಅದರ ಮೇಲೆಯೇ ಓಡಾಡಿತು. ಒಂದೇ ಸೇತುವೆ, ಈ ಪಕ್ಕ ಎತ್ತಿನ ಗಾಡಿ, ಆ ಪಕ್ಕ ರೈಲು ಗಾಡಿ. ಎತ್ತುಗಳು ಬೆಚ್ಚುತ್ತಿರಲಿಲ್ಲ. ಬೆಚ್ಚುತ್ತಿದ್ದವರು ಮೊದಲ ಸಲ ಬಂದ ಬೆಂಗಳೂರಿನವರು.

ಭಾವ ಸುಮ್ಮನಿರುವವರಲ್ಲ. ಫೋನು ತೆಗೆದು ಸೌತೆಂಡಿನ ಫೋಟೋ ತೋರಿಸಿದರು. ದಡದಿಂದ ಸಮುದ್ರದೊಳಕ್ಕೆ ಎರಡು ಕಿಲೋಮೀಟರಿಗೂ ಉದ್ದಕ್ಕೆ ಚಾಚಿಕೊಂಡ ಕಟ್ಟೆ. ಪಿಯರ್ ಅನ್ನುತ್ತಾರೆ. ಪ್ರಪಂಚದಲ್ಲೇ ಇಂಥದ್ದರಲ್ಲಿ ಉದ್ದನೆಯದು. ಅದರ ಮೇಲೂ ಒಂದು ಪುಟ್ಟ ರೈಲು.

"ಆ ತುದಿಯಲ್ಲಿ ಯಾವ ಊರು ಸಿಗುತ್ತೆ ಭಾವ?"

"ಊರಿಲ್ಲ. ಸಮುದ್ರ."

"ಮತ್ತೆ ರೈಲು?"

"ಹೋಗುತ್ತೆ, ವಾಪಸ್ ಬರುತ್ತೆ."

ಆಚೆ ದಡ ಮುಟ್ಟದ ಸೇತುವೆಯನ್ನು ನಮ್ಮ ಗುತ್ತಿಗೆದಾರರೂ ಕಟ್ಟಿದ್ದಾರೆ. ನಾವು ಅದರ ಮೇಲೆ ತನಿಖೆ ನಡೆಸುತ್ತೇವೆ, ಅವರು ರೈಲು ನಡೆಸುತ್ತಾರೆ.

ಇನ್ನು ಸ್ನಾನ. ಹಿಂದೆ ಆ ದೇಶದಲ್ಲಿ ಹೆಂಗಸರು ಸಮುದ್ರಕ್ಕೆ ಇಳಿಯಬೇಕೆಂದರೆ ಚಕ್ರದ ಮೇಲೊಂದು ಮರದ ಕೋಣೆ ಬೇಕಿತ್ತಂತೆ. ಒಳಗೆ ಹೋಗಿ ಬಟ್ಟೆ ಬದಲಿಸುವುದು, ಕುದುರೆ ಆ ಕೋಣೆಯನ್ನು ನೀರಿನೊಳಕ್ಕೆ ಎಳೆದುಕೊಂಡು ಹೋಗುವುದು, ಆಕೆ ಆ ಕಡೆಯ ಬಾಗಿಲಿನಿಂದ ಯಾರ ಕಣ್ಣಿಗೂ ಬೀಳದೆ ನೀರಿಗಿಳಿಯುವುದು. ಒಂದು ಮುಳುಗಿಗೆ ಒಂದು ಬಂಡಿ, ಒಂದು ಕುದುರೆ, ಒಬ್ಬ ಸವಾರ! ಕಪಿಲೆಯ ಸ್ನಾನಘಟ್ಟದಲ್ಲಿ ನಮ್ಮ ಹೆಂಗಸರನ್ನು ನೋಡಿ. ಒಣ ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಅದರ ಮರೆಯಲ್ಲೇ ಒದ್ದೆ ಸೀರೆ ಜಾರಿಸಿ, ನೆರಿಗೆ ಹಾಕಿ ಸಿಕ್ಕಿಸಿ, ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಜಾರುತ್ತಿರುವ ಮಗುವಿನ ರಟ್ಟೆಯನ್ನೂ ಹಿಡಿದಿರುತ್ತಾರೆ. ಹಲ್ಲು ಕಚ್ಚಿದ್ದರಿಂದ ಮಗುವನ್ನು ಬೈಯಲಾಗುವುದಿಲ್ಲ. ಬೈಗುಳವೆಲ್ಲ ಕಣ್ಣಲ್ಲೇ.

ಅಲ್ಲಿನ ಕಡಲು ದಿನಕ್ಕೆರಡು ಸಲ ಏರಿ ಇಳಿಯುತ್ತದಂತೆ, ಅದರ ವೇಳಾಪಟ್ಟಿಯನ್ನೂ ಅಚ್ಚು ಹಾಕಿರುತ್ತಾರಂತೆ. ಅವರ ನೀರು ಚಂದ್ರನ ಕೈಯಲ್ಲಿ, ನಮ್ಮದು ಬೀಚನಹಳ್ಳಿಯ ಎಂಜಿನಿಯರ ಕೈಯಲ್ಲಿ. ಮಳೆಗಾಲದಲ್ಲಿ ಅಲ್ಲಿನ ಕಬಿನಿ ಅಣೆಕಟ್ಟೆಯ ಗೇಟು ಎತ್ತಿದರೆ ಸ್ನಾನಘಟ್ಟ ಮುಳುಗುತ್ತದೆ, ಹದಿನಾರು ಕಾಲು ಮಂಟಪ ಕುತ್ತಿಗೆ ಮಟ್ಟಕ್ಕೆ ನಿಲ್ಲುತ್ತದೆ, ಮಲ್ಲನಮೂಲೆಯ ಹತ್ತಿರ ಊಟಿ ರಸ್ತೆಗೆ ನೀರು ಬರುತ್ತದೆ. ಆಗ ಇಡೀ ಊರು ಕೊಡೆ ಹಿಡಿದು ಹೊಳೆ ನೋಡಲು ಹೋಗುತ್ತದೆ. ಸೌತೆಂಡಿನವರು ದುಡ್ಡು ಕೊಟ್ಟು ಮಾಡುವುದೂ ಇದನ್ನೇ.

ತಿನಿಸಿನ ವಿಷಯದಲ್ಲಿ ಭಾವ ತಾವಾಗಿಯೇ ಸಿಕ್ಕಿಬಿದ್ದರು. ಬ್ರೈಟನ್ನಿನ ದಡದಲ್ಲಿ ಕೂತು ಅಕ್ಕ ಕಟ್ಟಿಕೊಟ್ಟಿದ್ದ ಕೋಡುಬಳೆ ಬಾಯಿಗಿಡುವಷ್ಟರಲ್ಲಿ ಕಡಲ ಹಕ್ಕಿಯೊಂದು ಎರಗಿ ಕಿತ್ತುಕೊಂಡಿತಂತೆ. ಸ್ವಲ್ಪ ದೂರ ಹಾರಿ, ಕಚ್ಚಿ ನೋಡಿ, ಕಲ್ಲಿನ ಮೇಲೆ ಬಿಸಾಡಿ ಹೋಯಿತಂತೆ. "ಕೋಡುಬಳೆ ಮುರೀಲಿಲ್ಲ ಕಣಯ್ಯಾ," ಅಂತ ಭಾವ ನಕ್ಕರು. ಒಳಗಿನಿಂದ ಅಕ್ಕ, "ಹಕ್ಕಿಗೆ ಹಲ್ಲಿಲ್ಲ, ಅದಕ್ಕೆ ನನ್ನ ಕೋಡುಬಳೆ ಏನು ಮಾಡುತ್ತೆ?" ಅಂದಳು. ದೇವಸ್ಥಾನದ ಮುಂದೆ ನಮ್ಮ ಕೋತಿಗಳು ಬಾಳೆಹಣ್ಣು ಕಿತ್ತುಕೊಂಡರೆ ಹೀಗೆ ಬಿಸಾಡುವುದಿಲ್ಲ, ಸಿಪ್ಪೆ ಸುಲಿದೇ ತಿನ್ನುತ್ತವೆ. ಅಲ್ಲಿ ಮಾರುವುದೆಲ್ಲ ಅಸಲಿ ರಸಬಾಳೆಯೇ ಅಂತ ಮಾತ್ರ ನಾನು ಪ್ರಮಾಣ ಮಾಡಲಾರೆ. ಸೊರಗು ರೋಗ ತಗುಲಿ ಬೆಳೆಯೇ ಕುಗ್ಗಿ, ಕೊನೆಗೆ ಭೌಗೋಳಿಕ ಗುರುತಿನ ಪಟ್ಟ ಕಟ್ಟಿ ಉಳಿಸಿಕೊಳ್ಳಬೇಕಾದ ಹಣ್ಣು ಅದು. ಕೋತಿಗಳಿಗೆ ವ್ಯತ್ಯಾಸ ಗೊತ್ತಿದ್ದರೂ ಇರಬಹುದು.

ಭಾವ ನನ್ನ ಮಗನಿಗೆ ತಂದುಕೊಟ್ಟ ಕಾಣಿಕೆ ಹೇಳಲೇಬೇಕು. ಕಡಲೂರುಗಳಲ್ಲೆಲ್ಲ ಮಾರುವ ಸಕ್ಕರೆ ಕಡ್ಡಿ. ಹೊರಗೆ ಗುಲಾಬಿ, ಒಳಗೆ ಬಿಳಿ, ಎಲ್ಲಿ ಮುರಿದರೂ ಊರಿನ ಹೆಸರು ಕಾಣುವ ಹಾಗೆ ಉದ್ದಕ್ಕೂ ಅಕ್ಷರ. ಕೈಚಳಕ ಒಪ್ಪಿದೆ. ಆದರೆ ನಂಜನಗೂಡಿನ ಕಾಣಿಕೆಯೂ ಗುಲಾಬಿ ಬಣ್ಣದ್ದೇ ಅಲ್ಲವೇ? 1913ರಲ್ಲಿ ಬಿ. ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ! ಊರಿಗೆ ಬಂದವರಿಗೆ ಹಲ್ಲು ಹುಳುಕಾಗುವ ವಸ್ತು ಕೊಟ್ಟು ಕಳಿಸುವುದು ಅವರ ಸತ್ಕಾರ, ಹಲ್ಲುಜ್ಜಿಕೊಳ್ಳಿ ಅಂತ ಪೊಟ್ಟಣ ಕೊಟ್ಟು ಕಳಿಸುವುದು ನಮ್ಮದು. ಮಗ ರಾತ್ರಿ ಅದನ್ನು ತಿಂದು ಬೆಳಿಗ್ಗೆ ಇದರಲ್ಲಿ ಉಜ್ಜಿದ. ಎರಡು ಸಾಮ್ರಾಜ್ಯಗಳ ಲೆಕ್ಕ ಅಲ್ಲಿಗೆ ಚುಕ್ತಾ.

"ಸರಿ, ಮರಳು?" ಅಂದರು ಭಾವ, ಕೊನೆಯ ಅಸ್ತ್ರವೆಂಬಂತೆ. "ದಡ ಅಂದಮೇಲೆ ಮರಳು ಬೇಕು. ನಿಮ್ಮೂರಲ್ಲಿ ಎಲ್ಲಿದೆ?"

ಇಲ್ಲಿ ನಾನು ಪಾಪ ಭಾವನ ತಾಲ್ಲೂಕನ್ನೇ ಸಾಕ್ಷಿಗೆ ಕರೆಯಬೇಕಾಯಿತು. ಬ್ರೈಟನ್ನಿನ ದಡದಲ್ಲಿರುವುದು ಮರಳಲ್ಲ, ಗುಂಡು ಕಲ್ಲು. ಬರಿಗಾಲಲ್ಲಿ ನಡೆದರೆ ಹರಕೆ ತೀರಿಸಿದ ಪುಣ್ಯ. ತಲಕಾಡಿನಲ್ಲಿ ಮರಳು ಎಷ್ಟಿದೆಯೆಂದರೆ ಗುಡಿಗಳೇ ಹೂತುಹೋಗಿವೆ, ಮೆಟ್ಟಿಲಿಳಿದು ಹೋಗಿ ದೇವರ ದರ್ಶನ ಮಾಡಬೇಕು. ಅಲಮೇಲಮ್ಮನ ಶಾಪ ಅಂತ ಜನ ಹೇಳುತ್ತಾರೆ. ಮಾಧವ ಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ಹೊಳೆಯ ಪಾತ್ರ ಬತ್ತಿ, ಬಯಲಾದ ಮರಳನ್ನು ಗಾಳಿ ಹೊತ್ತು ತಂದಿತು ಅಂತ ಬಲ್ಲವರು ವಿವರಿಸುತ್ತಾರೆ. ಅಣೆಕಟ್ಟೆಯವರನ್ನು ಬಿಟ್ಟು ಒಬ್ಬ ವಿಧವೆಯ ಮೇಲೆ ಹೊರೆ ಹೊರಿಸುವುದು ನಮಗೇನು ಹೊಸದಲ್ಲ. ಒಟ್ಟಿನಲ್ಲಿ ಬ್ರೈಟನ್ನಿಗೆ ಸಮುದ್ರವಿದೆ ಮರಳಿಲ್ಲ, ತಲಕಾಡಿಗೆ ಮರಳಿದೆ ಸಮುದ್ರವಿಲ್ಲ, ನಂಜನಗೂಡಿಗೆ ರೈಲಿದೆ.

"ನಮಗೆ ರೈಲು ಯಾಕಯ್ಯಾ ಬೇಕು?" ಅಂತ ಭಾವ ಈಗ ಇಂಗ್ಲೆಂಡು ಬಿಟ್ಟು ಸ್ವಂತ ನೆಲಕ್ಕೆ ಬಂದರು. "ಕಾವೇರಿ, ಕಪಿಲೆ, ಸ್ಫಟಿಕ ಸರೋವರ, ಮೂರೂ ಸೇರುವ ಜಾಗ ನಮ್ಮದು. 1989ರಿಂದ ಕುಂಭಮೇಳ ಆಗ್ತಾ ಇದೆ. 2025ರ ಫೆಬ್ರವರಿಯಲ್ಲಿ ಎಷ್ಟು ಜನ ಬಂದು ಮುಳುಗಿದರು, ರೈಲಿತ್ತಾ? ನಮ್ಮ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಯಾಕಿದೆ ಗೊತ್ತಾ? ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ."

"ಕಾಶಿಗೂ ರೈಲಿದೆ ಭಾವ."

"ಅದಕ್ಕೇ ಅದು ಒಂದು ಗುಲಗಂಜಿ ಕಮ್ಮಿ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಸಕ್ಕರೆ ಕಡ್ಡಿ ಚೀಪುತ್ತಿದ್ದ ನನ್ನ ಮಗ, "ಮಾವ, ನಿಮ್ಮೂರಿಂದ ಸಮುದ್ರಕ್ಕೆ ಹೋಗೋಕೆ ಆಗೋದೇ ಇಲ್ವಾ?" ಅಂತ ಕೇಳಿದ.

"ಯಾಕಾಗಲ್ಲ? ನಮ್ಮೂರ ನೀರು ಹೋಗೋದೇ ಅಲ್ಲಿಗೆ. ನೇರ ಪೂಂಪುಹಾರ್, ಬಂಗಾಳ ಕೊಲ್ಲಿ. ಟಿಕೆಟ್ಟೂ ಬೇಡ."

"ಟಿಕೆಟ್ ಬೇಡವೇ?" ಅಂದಳು ಅಕ್ಕ, ಕಾಫಿ ಲೋಟ ಇಡುತ್ತ. "ಬಿಳಿಗುಂಡ್ಲಲ್ಲಿ ಅಳೆದು ನೋಡಿ ಬಿಡ್ತಾರೆ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ನಿಮ್ಮ ಮಾವ ಅದರಲ್ಲಿ ಸೇರ್ತಾರೋ ಇಲ್ವೋ ಮೊದಲು ಕೇಳ್ಕೊಂಡು ಹೊರಡಲಿ."