ಗುಡ್ಡಸೀಮೆಯ ಕಾಲೇಜು ಮಾರುಕಟ್ಟೆಯಲ್ಲಿ ಸಜೀವ ರಂಜಕರ ಭವಿತವ್ಯ: ಒಂದು ಬಹುಶಿಸ್ತೀಯ ಅನುಸಂಧಾನ

ಸಕಲೇಶಪುರ–ಆಲೂರು ಭೂಸಾಂಸ್ಕೃತಿಕ ವಲಯದ ಕಾಲೇಜುಗಳಲ್ಲಿ ಹಾಡಿ, ಕುಣಿದು, ನಗಿಸಿ ಬದುಕುವ ಜೀವಿಗಳ ಮಾರುಕಟ್ಟೆ ಅಸ್ಮಿತೆಯನ್ನು ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನವೇ ಪ್ರಸ್ತುತ ಪ್ರಬಂಧ. ನೆಲೆ, ಆಯಾಮ, ಪರಿಪ್ರೇಕ್ಷ್ಯ ಎಂಬ ಮೂರು ಪದಗಳಿಲ್ಲದ ಪ್ರಬಂಧಕ್ಕೆ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ ಸಿಗುವುದು ಕಷ್ಟವಾದ್ದರಿಂದ ಮೂರನ್ನೂ ಇಲ್ಲೇ ಬಳಸಿ ಋಣ ತೀರಿಸಲಾಗಿದೆ.

ಮೊದಲಿಗೆ ಮಾರುಕಟ್ಟೆಯ ಋತುಮಾನೀಯ ಪರಿಪ್ರೇಕ್ಷ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಭಾಂಗಣದ ತಗಡಿನ ಶೀಟಿನ ಮೇಲೆ ಬೀಳುವ ಮಳೆಯೇ ಏಕೈಕ ಸಜೀವ ಕಲಾವಿದ. ಅದನ್ನು ಮೀರಿಸುವ ಸ್ಪೀಕರ್ ಬಾಡಿಗೆಗೆ ಸಿಗುವುದಿಲ್ಲ. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೇ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ. ಬಿಚ್ಚದಿದ್ದರೂ 2024ರ ಜುಲೈಯಲ್ಲಾದಂತೆ ಹೆದ್ದಾರಿ 75ರ ಮೇಲೆ ಗುಡ್ಡ ಜಾರಿದರೆ ಚೆಂಡೆ ಶಿರಾಡಿ ಘಾಟಿಯ ಆಚೆಯೇ ಉಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು, ಹುಡುಗರಲ್ಲಿ ಬಹಳಷ್ಟು ಮಂದಿ ತೋಟದಲ್ಲಿ. ಆಮೇಲೆ ಪರೀಕ್ಷೆ. ನಡುವೆ ಚುನಾವಣೆ ಬಂದರೆ ನೀತಿಸಂಹಿತೆ. ಉಳಿದ ಸಂದಿಯಲ್ಲಿ ವಾರ್ಷಿಕೋತ್ಸವ ತೂರಿಸಬೇಕು.

ದೈನಿಕ ಆಯಾಮ ಇನ್ನೂ ಕಿರಿದು. ಕಾನೂನು ಧ್ವನಿವರ್ಧಕಕ್ಕೆ ರಾತ್ರಿ 10ರವರೆಗೆ ಅವಕಾಶ ಕೊಟ್ಟಿದೆ. ಆನೆ ಕೊಟ್ಟಿಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆಯ ಎದುರು ಬಿದ್ದ ಸೀಮೆ ಇದು. ಇಲ್ಲಿ ಮಿಮಿಕ್ರಿಯವರು ರಾತ್ರಿ ಸ್ಕೂಟರ್ ಹತ್ತಿ ತೋಟದ ದಾರಿಯಲ್ಲಿ ಊರಿಗೆ ಹೊರಡುವುದು ಕಲೆಗಾಗಿ ಬಲಿದಾನವೇ ಸರಿ. ಆದ್ದರಿಂದ ಕೊನೆ ಬಸ್ಸಿಗೆ ಮುಂಚೆ ಎಲ್ಲ ರಂಜನೆಯೂ ಮುಗಿಯತಕ್ಕದ್ದು.

ಇನ್ನು ವರ್ಗೀಕರಣ. ನ್ಯಾಕ್ ಸಂಸ್ಥೆ ಕಾಲೇಜುಗಳನ್ನು ಏಳು ಮಾನದಂಡಗಳಿಂದ ಅಳೆಯುತ್ತ ಬಂದದ್ದರಿಂದ ರಂಜಕರನ್ನೂ ಏಳು ವರ್ಗಗಳಾಗಿ ವಿಂಗಡಿಸಿಕೊಳ್ಳಲಾಗಿದೆ.

ಒಂದು, ಧ್ವನ್ಯಾಧಿಕ್ಯ ರಂಜಕ, ಅರ್ಥಾತ್ ಡಿಜೆ. ಹಾಡುವುದಿಲ್ಲ, ಒತ್ತುತ್ತಾನೆ. ಮುಂಗಡ ಕೈಸೇರದೆ ವ್ಯಾನಿನ ಬಾಗಿಲು ತೆರೆಯುವುದಿಲ್ಲ. ಭವಿತವ್ಯ ಉಜ್ವಲ.

ಎರಡು, ವಾಚಿಕ ರಂಜಕ, ಅರ್ಥಾತ್ ಹಾಸ್ಯ ಭಾಷಣಕಾರ. ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರಂಥವರ ಡೇಟ್ ಸಿಗದಾಗ ಅವರ ವಿಡಿಯೊ ನೋಡಿದವರ ಡೇಟ್ ಸಿಗುತ್ತದೆ. ಹುಡುಗರೂ ಅದೇ ವಿಡಿಯೊ ನೋಡಿರುವುದರಿಂದ ಜೋಕು ಮುಗಿಯುವ ಮೊದಲೇ ನಕ್ಕು ಭಾಷಣಕಾರರ ಶ್ರಮ ಉಳಿಸುತ್ತಾರೆ.

ಮೂರು, ಪರಂಪರಾನಿಷ್ಠ ರಂಜಕ: ಡೊಳ್ಳು, ವೀರಗಾಸೆ, ಸುಗ್ಗಿ ಕುಣಿತ ಇತ್ಯಾದಿ. ಉಳಿದ ನಾಲ್ಕು ವರ್ಗಗಳನ್ನು ಬೇಕಾದವರು ತುಂಬಿಕೊಳ್ಳಲಿ, ನನಗೆ ಈ ‘ಇತ್ಯಾದಿ’ಯ ಹತ್ತಿರವೇ ಕೆಲಸವಿದೆ.

ಏಕೆಂದರೆ ಈ ಮೂರನೆಯವರನ್ನು ವೇದಿಕೆಗೇ ಹತ್ತಿಸುವುದಿಲ್ಲ. ಗೇಟಿನ ಹತ್ತಿರ ನಿಲ್ಲಿಸುತ್ತಾರೆ. ಹತ್ತಕ್ಕೆ ಬರಬೇಕಾದ ಅತಿಥಿ ಹನ್ನೆರಡಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಡೊಳ್ಳು ಹೆಗಲ ಮೇಲೆ, ಬಿಸಿಲು ನೆತ್ತಿಯ ಮೇಲೆ. ಅತಿಥಿ ಕಾರಿನಿಂದ ಇಳಿದು, ಫೋನಿನಲ್ಲಿ ಮಾತಾಡುತ್ತಲೇ ಡೊಳ್ಳಿನ ನಡುವೆ ನಡೆದು ಹೋಗಿ, ಒಳಗೆ ‘ಜನಪದದ ಅಳಿವು–ಉಳಿವು’ ಕುರಿತು ಒಂದೂಕಾಲು ಗಂಟೆ ಕಳವಳಪಡುತ್ತಾರೆ. ಜನಪದ ಆ ಹೊತ್ತಿಗೆ ನೀರಿನ ಟ್ಯಾಂಕಿನ ಹಿಂದೆ ಕೂತು ಊಟಕ್ಕೆ ಕರೆಯುವುದನ್ನೇ ಕಾಯುತ್ತಿರುತ್ತದೆ. ಜನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವನ್ನು 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಟ್ಟಿಸಿದ ನಾಡು ಇದು!

ಸಂಜೆ ಒಂದು ಶಾಲು, ಒಂದು ಹಾರ. ದುಡ್ಡಿನ ಮಾತೆತ್ತಿದರೆ ಪಾಸ್‌ಬುಕ್ ಜೆರಾಕ್ಸ್, ಪ್ಯಾನ್ ಕಾರ್ಡು, ಮೂರು ಕೊಟೇಶನ್ನು. ‘ಇರೋದೇ ಒಂದು ತಂಡ ಸಾರ್, ಇನ್ನೆರಡು ಕೊಟೇಶನ್ ಯಾರ ಹತ್ರ ಬರಸ್ಲಿ?’ ಎಂದು ಯಜಮಾನ ಕೇಳಿದರೆ ಗುಮಾಸ್ತರು ಆಡಿಟ್ ಕಡೆ ಬೆರಳು ತೋರಿಸುತ್ತಾರೆ. ಡಿಜೆಯ ಮುಂಗಡ ಮಾತ್ರ ಹುಡುಗರ ವಂತಿಗೆಯಿಂದ ಹೋಗುವುದರಿಂದ ಆಡಿಟ್ಟಿಗೆ ಕಾಣುವುದಿಲ್ಲ. ಡೊಳ್ಳಿನವರ ಚೆಕ್ಕು ಬರುವಾಗ ಮಳೆಗಾಲ ಹಿಡಿದಿರುತ್ತದೆ.

ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ಯುಗಾದಿ ಕಳೆದ ಮೇಲೆ ಈ ಗುಡ್ಡಗಳ ಊರೂರಲ್ಲಿ ಸುಗ್ಗಿ ನಡೆಯುತ್ತದೆ. ಅಜ್ಜನ ಹೆಜ್ಜೆ ನೋಡಿ ಕಲಿತ ಹುಡುಗ ಅಲ್ಲಿ ದೇವರ ಮುಂದೆ ರಾತ್ರಿಯೆಲ್ಲ ಕುಣಿಯುತ್ತಾನೆ. ಯಾರೂ ಅವನಿಗೆ ಶಾಲು ಹೊದಿಸುವುದಿಲ್ಲ, ಅವನಿಗದು ಬೇಕಾಗಿಯೂ ಇಲ್ಲ. ಮರುದಿನ ಕಾಲೇಜಿನ ರಿಜಿಸ್ಟರಿನಲ್ಲಿ ಅವನು ಗೈರುಹಾಜರು. ಅಟೆಂಡೆನ್ಸ್ ಶಾರ್ಟೇಜ್ ಎಂದು ಅಪ್ಪನನ್ನು ಕರೆಸುತ್ತಾರೆ. ಅದೇ ವಾರ ಎಥ್ನಿಕ್ ಡೇಗೆ ಹಾಸನದಿಂದ ಬಾಡಿಗೆ ಪಂಚೆ ತಂದು, ಹೇಳಿಕೊಟ್ಟ ಸ್ಟೆಪ್ಪು ಹಾಕಿದವರಿಗೆ ‘ಜನಪದ ನೃತ್ಯ, ಪ್ರಥಮ’ ಎಂದು ಪ್ರಮಾಣಪತ್ರ. ಅದರ ಫೋಟೊ ನ್ಯಾಕ್ ವರದಿಗೆ ಹೋಗುತ್ತದೆ. ಗೈರುಹಾಜರಾದ ಹುಡುಗನೂ ಚಪ್ಪಾಳೆ ತಟ್ಟುತ್ತಾನೆ, ಬೇರೆ ಇನ್ನೇನು ಮಾಡಿಯಾನು?

ಪ್ರಬಂಧವೆಂದ ಮೇಲೆ ಶಿಫಾರಸು ಇರಬೇಕಂತೆ. ಸುಗ್ಗಿಗೆ ಹೋದವನಿಗೆ ಹಾಜರಿ ಕೊಡಿ. ಡೊಳ್ಳಿನವರನ್ನು ಗೇಟಿನಿಂದ ಬಿಡಿಸಿ ವೇದಿಕೆಗೆ ಹತ್ತಿಸಿ, ಅತಿಥಿ ಬೇಕಾದರೆ ಕೆಳಗೆ ಕೂತು ನೋಡಲಿ. ಊಟ ಡೊಳ್ಳಿನವರಿಗೆ ಮೊದಲು. ದುಡ್ಡು ಅವತ್ತೇ, ಕೈಗೇ, ಕೊನೆ ಬಸ್ಸು ಹೊರಡುವ ಮುಂಚೆ.