ಮಾನ್ಯ ಉಪಚುನಾವಣೆಯವರಿಗೆ ಪಾಪಿನಾಯಕನಹಳ್ಳಿಯಿಂದ ಒಂದು ಬಹಿರಂಗ ಪತ್ರ

ಪರಮ ಪೂಜ್ಯರೂ, ಕರೆಯದೆಯೇ ದಯಮಾಡಿಸುವ ಕೃಪಾಳುಗಳೂ ಆದ ಶ್ರೀಮಾನ್ ಉಪಚುನಾವಣೆಯವರ ಸನ್ನಿಧಾನಕ್ಕೆ,

ಹೊಸಪೇಟೆ ತಾಲ್ಲೂಕು ಪಾಪಿನಾಯಕನಹಳ್ಳಿಯ ಮತದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ಬಲ್ಲೆವು. ಬಳ್ಳಾರಿ ಸೀಮೆಯಲ್ಲಿ ತಾವು ಸೊರಗಿದ್ದನ್ನು ಯಾರೂ ಕಂಡಿಲ್ಲ. ತಮ್ಮಿಂದ ನಮಗಾಗಿರುವ ಉಪಕಾರಗಳನ್ನು ಒಂದೊಂದಾಗಿ ನೆನೆದು, ಕೊನೆಯಲ್ಲಿ ಕೆಲವು ಕೋರಿಕೆಗಳನ್ನು ಪಾದಕ್ಕೆ ಒಪ್ಪಿಸಲು ಈ ಪತ್ರ.

ಜನಪ್ರತಿನಿಧಿಯೊಬ್ಬರು ತೀರಿಕೊಂಡಾಗ ತಾವು ಬರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಸಾವನ್ನು ತಡೆಯುವವರಾರು? ನಮ್ಮ ಕಡೆ ಮಾತ್ರ ತಾವು ಹೆಚ್ಚಾಗಿ ಬಂದದ್ದು ಗಟ್ಟಿಮುಟ್ಟಾಗಿ ಓಡಾಡುತ್ತಿರುವವರ ಲೆಕ್ಕದಲ್ಲಿ. ಗೆದ್ದವರು ಗೆದ್ದ ಸೀಟನ್ನು ತಾವಾಗಿಯೇ ಬಿಟ್ಟರು. ಬಿಟ್ಟ ಸೀಟನ್ನು ತುಂಬಿಸಲು ತಾವು ನಮ್ಮ ಬಾಗಿಲಿಗೆ ಬಂದಿರಿ. ಇಷ್ಟು ವಿಶೇಷ ಮಮತೆ ನಮ್ಮ ಮೇಲೇಕೆ ಎಂದು ಕೇಳುವ ಧೈರ್ಯವನ್ನು ಇವತ್ತು ಮಾಡುತ್ತಿದ್ದೇನೆ.

1999ರ ಲೋಕಸಭಾ ಚುನಾವಣೆ ತಮಗೆ ನೆನಪಿರಬೇಕು. ಸೋನಿಯಾ ಗಾಂಧಿಯವರು ಅಮೇಠಿಯ ಜೊತೆಗೆ ಬಳ್ಳಾರಿಯಲ್ಲೂ ನಾಮಪತ್ರ ಸಲ್ಲಿಸಿದರು. ಎದುರಿಗೆ ಸುಷ್ಮಾ ಸ್ವರಾಜ್ ನಿಂತರು. ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಸಭೆಗಳಲ್ಲಿ ಕನ್ನಡದಲ್ಲೇ ಮಾತಾಡಿದರು. ದೇಶವೇ ಬಳ್ಳಾರಿಯತ್ತ ಕಣ್ಣು ನೆಟ್ಟಿತ್ತು. ಅಕ್ಟೋಬರ್ 6ರಂದು ಎಣಿಕೆ ಮುಗಿದಾಗ ಸೋನಿಯಾ ಅವರು 56,100 ಮತಗಳಿಂದ ಗೆದ್ದಿದ್ದರು. ಅಮೇಠಿಯಲ್ಲೂ ಗೆದ್ದಿದ್ದರಿಂದ ಒಂದನ್ನು ಬಿಡಬೇಕಾಯಿತು. ಬಿಟ್ಟದ್ದು ನಮ್ಮನ್ನು. ನಾಲ್ಕು ಲಕ್ಷಕ್ಕೂ ಮೀರಿದ ಜನ ಕೊಟ್ಟ ಮತ ಒಂದೇ ರಾಜೀನಾಮೆ ಪತ್ರದಲ್ಲಿ ಕರಗಿತು. ಆಗ ಕೈ ಹಿಡಿದವರು ತಾವು. 2000ದಲ್ಲಿ ಬಂದು ಕೋಳೂರು ಬಸವನಗೌಡರನ್ನು ನಮ್ಮ ಸಂಸದರನ್ನಾಗಿ ಮಾಡಿಕೊಟ್ಟಿರಿ. ಅದಕ್ಕೆ ಋಣಿಗಳು. ಆದರೆ ಮೊದಲ ಸಲವೇ ಊರಿನವರೊಬ್ಬರನ್ನು ಆರಿಸುವ ಅವಕಾಶ ನಮಗಿರಲಿಲ್ಲವೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಇದರಲ್ಲಿ ಕಾನೂನಿನ ಕೃಪೆಯೂ ಇದೆ. 1996ಕ್ಕೆ ಮುಂಚೆ ಒಬ್ಬ ಅಭ್ಯರ್ಥಿ ಎಷ್ಟು ಕ್ಷೇತ್ರಗಳಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಆ ವರ್ಷದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮತದಾರನಿಗೆ ಒಂದೇ ಮತ, ಅಭ್ಯರ್ಥಿಗೆ ಎರಡು ಕ್ಷೇತ್ರ. ಎರಡನ್ನೂ ಗೆದ್ದರೆ ಒಂದನ್ನು ಬಿಡಲೇಬೇಕು. ಬಿಟ್ಟ ಕಡೆ ತಾವು ಹಾಜರು. ಅಂದರೆ ತಮ್ಮ ಬರವು ನಾಮಪತ್ರ ಸಲ್ಲಿಸಿದ ದಿನವೇ ಅರ್ಧ ನಿಶ್ಚಯವಾಗಿರುತ್ತದೆ. ಇದನ್ನು ತಿಳಿದೂ ತಿಳಿದೂ ಅವಕಾಶ ಕೊಟ್ಟ ಸಂಸತ್ತಿಗೂ ನಮ್ಮ ವಂದನೆಗಳು ಸಲ್ಲಲಿ.

ತಮ್ಮ ಔದಾರ್ಯ ಉಕ್ಕಿ ಹರಿದದ್ದು 2018 ಮತ್ತು 2019ರಲ್ಲಿ. 2018ರ ಮೇ 12ರಂದು ವಿಧಾನಸಭೆಗೆ ಮತ ಹಾಕಿದೆವು. ನಮ್ಮ ಸಂಸದರಾಗಿದ್ದ ಬಿ. ಶ್ರೀರಾಮುಲು ಅವರು ಮೊಳಕಾಲ್ಮುರಿನಿಂದ ಶಾಸಕರಾಗಿ ಆರಿಸಿ ಬಂದು ಲೋಕಸಭೆಯ ಸ್ಥಾನ ಬಿಟ್ಟರು. ಆ ಲೋಕಸಭೆಯ ಅವಧಿ ಮುಗಿಯುವುದು 2019ರ ಜೂನ್ 3ಕ್ಕೆ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಉಪಚುನಾವಣೆ ಬೇಕಿಲ್ಲವೆಂದು ಕಾನೂನಿದೆ. ಸ್ಥಾನ ತೆರವಾದದ್ದು ಮೇ ತಿಂಗಳಲ್ಲಿ. ಒಂದು ವರ್ಷದ ಮೇಲೆ ಬೆರಳೆಣಿಕೆಯ ದಿನಗಳು ಹೆಚ್ಚಿದ್ದವು. ಆ ಕೆಲವು ದಿನಗಳ ಪುಣ್ಯದಿಂದ ತಾವು ನವೆಂಬರ್ 3ರಂದು ಬಂದಿರಿ. ವಿ.ಎಸ್. ಉಗ್ರಪ್ಪ ಅವರು 2,43,161 ಮತಗಳ ಅಂತರದಿಂದ ಗೆದ್ದರು. ಅಷ್ಟು ದೊಡ್ಡ ಗೆಲುವಿಗೆ ಸಿಕ್ಕ ಕಾಲ ಸುಮಾರು ಆರು ತಿಂಗಳು: ಒಂದು ಚಳಿಗಾಲದ ಅಧಿವೇಶನ, ಒಂದು ಬಜೆಟ್ ಅಧಿವೇಶನ. ಮುಂದಿನ ಏಪ್ರಿಲ್ 23ಕ್ಕೆ ಮತ್ತೆ ಲೋಕಸಭೆಗೆ ಮತ ಹಾಕಿದೆವು. ಅದೇ ವರ್ಷದ ಡಿಸೆಂಬರ್ 5ಕ್ಕೆ ತಾವು ಮತ್ತೊಮ್ಮೆ ಬಂದಿರಿ, ಈ ಸಲ ವಿಧಾನಸಭೆಗೆ. ಹತ್ತೊಂಬತ್ತು ತಿಂಗಳಲ್ಲಿ ನಾಲ್ಕು ಮತದಾನ. ಎಡಗೈ ತೋರುಬೆರಳಿನ ಉಗುರು ಬೆಳೆದು, ಮೈಸೂರಿನ ಕಾರ್ಖಾನೆಯ ಶಾಯಿಯ ಗೆರೆ ತುದಿಗೆ ಸರಿದು, ಅದನ್ನು ಕತ್ತರಿಸಿ ಮುಗಿಸುವ ಹೊತ್ತಿಗೆ ಹೊಸ ಚೀಟಿ ಮನೆ ಬಾಗಿಲಲ್ಲಿ.

ಡಿಸೆಂಬರಿನ ಆ ಭೇಟಿಯ ಹಿನ್ನೆಲೆಯನ್ನೂ ಭಕ್ತಿಯಿಂದ ನೆನೆಯುತ್ತೇನೆ. 2018ರಲ್ಲಿ ವಿಜಯನಗರ ಕ್ಷೇತ್ರದಿಂದ ಕೈ ಗುರುತಿನಲ್ಲಿ ಗೆದ್ದಿದ್ದ ಆನಂದ್ ಸಿಂಗ್ ಅವರು 2019ರ ಜುಲೈ 1ರಂದು ರಾಜೀನಾಮೆ ಕೊಟ್ಟರು. ತೋರಣಗಲ್ಲಿನ ಹತ್ತಿರ ಜಿಂದಾಲ್ ಕಂಪನಿಗೆ 3,667 ಎಕರೆ ಮಾರುವುದಕ್ಕೆ ವಿರೋಧ ಎಂದರು. ಇಂಥ ರಾಜೀನಾಮೆಗಳಿಂದ ಆಗಿನ ಸರ್ಕಾರ ಬಿತ್ತು. ಆಮೇಲೆ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು; ಅವರಲ್ಲಿ ಇವರೂ ಒಬ್ಬರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಯಲ್ಲಿ ನಿಲ್ಲಲು ಅಡ್ಡಿಯಿಲ್ಲವೆಂದಿತು. ಡಿಸೆಂಬರಿನಲ್ಲಿ ಕಮಲದ ಗುರುತಿನಲ್ಲಿ ಗೆದ್ದರು, ಮುಂದೆ ಮಂತ್ರಿಯಾದರು. ಆ 3,667 ಎಕರೆಯ ಮಾರಾಟಕ್ಕೆ 2024ರ ಆಗಸ್ಟಿನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಯಾವ ಪ್ರಶ್ನೆಯ ಹೆಸರಿನಲ್ಲಿ ನಮ್ಮನ್ನು ಸಾಲಿನಲ್ಲಿ ನಿಲ್ಲಿಸಲಾಯಿತೋ ಆ ಪ್ರಶ್ನೆಯನ್ನು ಮತಯಂತ್ರದ ಮುಂದೆ ನಮ್ಮನ್ನು ಯಾರೂ ಕೇಳಲಿಲ್ಲ. 2018ರಲ್ಲಿ ಕಮಲದಿಂದ ಸೋತಿದ್ದ ಎಚ್.ಆರ್. ಗವಿಯಪ್ಪನವರು 2023ರಲ್ಲಿ ಕೈಯಿಂದ ಗೆದ್ದರು. ಗುರುತು ನೋಡಿ ಒತ್ತಬೇಕೋ ಮುಖ ನೋಡಿ ಒತ್ತಬೇಕೋ ಎಂದು ಊರಿನ ಹಿರಿಯರು ಕೇಳಿದರೆ ಏನು ಹೇಳಬೇಕೆಂದು ತಾವೇ ಅಪ್ಪಣೆ ಕೊಡಿಸಬೇಕು.

ತಮ್ಮ ದಯೆಯಿಂದ ನಮಗೆ ಜಿಲ್ಲೆ ಬಂತು ಎನ್ನುವವರಿದ್ದಾರೆ. ವಿಜಯನಗರ ಜಿಲ್ಲೆಯ ಬೇಡಿಕೆಗೆ ಬಲ ಬಂದದ್ದು ಆ ಉಪಚುನಾವಣೆಯ ಆಸುಪಾಸಿನಲ್ಲೇ. 2021ರ ಫೆಬ್ರುವರಿಯಲ್ಲಿ ರಾಜ್ಯದ 31ನೆಯ ಜಿಲ್ಲೆಯಾಗಿ ಅಧಿಸೂಚನೆ ಹೊರಬಿತ್ತು. ಕಚೇರಿ ಕೆಲಸಕ್ಕೆ ಬಳ್ಳಾರಿಯವರೆಗೆ ಹೋಗುತ್ತಿದ್ದ ನಮಗೆ ಹೊಸಪೇಟೆ ಹತ್ತಿರವಾಯಿತು. ಮನಃಪೂರ್ವಕ ಕೃತಜ್ಞತೆಗಳು. ಆದರೆ ನ್ಯಾಯವಾದ ಬೇಡಿಕೆಯೊಂದು ಈಡೇರಬೇಕಾದರೆ ಶಾಸಕರೊಬ್ಬರು ರಾಜೀನಾಮೆ ಕೊಡಬೇಕು, ಸರ್ಕಾರವೊಂದು ಬೀಳಬೇಕು ಎಂದಾದರೆ, ಅದುವರೆಗೆ ನಾವು ಕೊಟ್ಟ ಅರ್ಜಿಗಳಿಗೆ ಬೆಲೆ ಎಷ್ಟು?

ತಾವು ಬಂದಾಗ ಮಾದರಿ ನೀತಿ ಸಂಹಿತೆಯೂ ಬರುತ್ತದೆ. ಹೊಸ ಕಾಮಗಾರಿ ನಿಲ್ಲುತ್ತದೆ. ಯಾವ ಕಚೇರಿಗೆ ಹೋದರೂ ‘ಎಲೆಕ್ಷನ್ ಮುಗಿಯಲಿ’ ಎನ್ನುತ್ತಾರೆ. ಮೇಷ್ಟ್ರು, ಮೇಡಂಗಳು ಪಾಠ ಬಿಟ್ಟು ಮತಗಟ್ಟೆ ಕೆಲಸಕ್ಕೆ ಹೋಗುತ್ತಾರೆ; ಶಾಲೆಯೇ ಮತಗಟ್ಟೆಯಾಗುತ್ತದೆ, ಮಕ್ಕಳಿಗೆ ರಜೆ. ಊರ ಸುತ್ತ ಅದಿರಿನ ಲಾರಿಗಳ ಕೆಂಧೂಳು ಮಾತ್ರ ರಜೆ ಹಾಕುವುದಿಲ್ಲ. ಅದು ಹೊಲದ ಬೆಳೆಯ ಎಲೆಗಳ ಮೇಲೆ ಕೂರುತ್ತದೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದರ ವಿಷಯ ಮಾತ್ರ ಯಾವ ಪ್ರಚಾರ ವಾಹನದ ಮೈಕಿನಲ್ಲೂ ಕೇಳುವುದಿಲ್ಲ, ಏಕೆಂದರೆ ತಾವು ಬಂದಾಗ ಚರ್ಚೆಯಾಗುವುದು ಯಾರು ಯಾರನ್ನು ಬಿಟ್ಟು ಎಲ್ಲಿಗೆ ಹೋದರು ಎಂಬುದಷ್ಟೇ.

ನೆರೆಹೊರೆಯವರ ಮೇಲೂ ತಮ್ಮ ಕರುಣೆ ಕಡಿಮೆಯಿಲ್ಲ. ಬಳ್ಳಾರಿ ಗ್ರಾಮೀಣ ಕ್ಷೇತ್ರಕ್ಕೆ 2011ರಲ್ಲಿ ಬಂದಿರಿ, 2014ರಲ್ಲಿ ಮತ್ತೆ ಬಂದಿರಿ. ಪಕ್ಕದ ಸಂಡೂರಿನ ಶಾಸಕ ಇ. ತುಕಾರಾಂ ಅವರು 2024ರಲ್ಲಿ ಲೋಕಸಭೆಗೆ ಹೋದ ಮೇಲೆ ನವೆಂಬರಿನಲ್ಲಿ ಅಲ್ಲಿಗೂ ಬಂದಿರಿ. ಅವರ ಪತ್ನಿ ಅನ್ನಪೂರ್ಣ ಅವರು 9,649 ಮತಗಳಿಂದ ಗೆದ್ದರು. ಪಕ್ಷ ಯಾವುದಾದರೂ ತಮಗೆ ಭೇದವಿಲ್ಲ. ಆ ಸಮದೃಷ್ಟಿಯನ್ನು ಮೆಚ್ಚಲೇಬೇಕು.

ದೂರದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲಿ ತಮ್ಮ ಬಂಧುವೊಬ್ಬರು ಕಾಣಿಸಿಕೊಂಡಿದ್ದರು. ಅಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆ. ಹಿಂದಿನ ವರ್ಷವಷ್ಟೇ ಗೆದ್ದಿದ್ದ ಗ್ರೇ ಡೇವಿಸ್ ಅವರ ಆಡಳಿತಕ್ಕೆ ಬೇಸತ್ತ ಜನ ಸಹಿ ಸಂಗ್ರಹಿಸಿ, ಅವಧಿಯ ನಡುವೆಯೇ ಚುನಾವಣೆ ತರಿಸಿ, ಅಕ್ಟೋಬರ್ 7ರಂದು ಅವರನ್ನು ಇಳಿಸಿದರು. 135 ಅಭ್ಯರ್ಥಿಗಳ ನಡುವೆ ಚಿತ್ರನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದರು. ಅದು ಒಳ್ಳೆಯದೋ ಕೆಟ್ಟದ್ದೋ, ಅವಧಿಯ ನಡುವೆ ಚುನಾವಣೆ ಬೇಕೆಂದು ತೀರ್ಮಾನಿಸಿದ್ದು ಮತದಾರ. ನಮ್ಮಲ್ಲಿ ಅದನ್ನು ತೀರ್ಮಾನಿಸುವುದು ಗೆದ್ದವರು. ಶಾಸಕರನ್ನು ವಾಪಸ್ ಕರೆಸುವ ಹಕ್ಕು ನಮಗಿಲ್ಲ. ನಮ್ಮನ್ನು ಬಿಟ್ಟುಹೋಗುವ ಹಕ್ಕು ಅವರಿಗೆ ಪೂರ್ತಿ ಇದೆ.

ಆದ್ದರಿಂದ, ಪೂಜ್ಯರೇ, ಮೂರು ವಿನಮ್ರ ಕೋರಿಕೆಗಳು. ಒಂದು: ಒಬ್ಬರಿಗೆ ಒಂದೇ ಕ್ಷೇತ್ರ. ಇದನ್ನು ಚುನಾವಣಾ ಆಯೋಗ 2004ರಲ್ಲೇ ಹೇಳಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯವೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಎರಡು: ಗೆದ್ದ ಸೀಟನ್ನು ತಮ್ಮ ಅನುಕೂಲಕ್ಕೆ ಬಿಟ್ಟವರು ಮರುಚುನಾವಣೆಯ ಖರ್ಚು ಭರಿಸಲಿ. ಲೋಕಸಭೆಯ ಚುನಾವಣೆಗೆ ಕೇಂದ್ರದ ಹಣ, ವಿಧಾನಸಭೆಯದ್ದಕ್ಕೆ ರಾಜ್ಯದ ಹಣ ಎನ್ನುತ್ತಾರೆ. ಎರಡೂ ನಮ್ಮ ತೆರಿಗೆಯ ಹಣವೇ. ಮೂರು: ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದವರು ಆ ಸದನದ ಅವಧಿ ಮುಗಿಯುವವರೆಗೆ ಮತ್ತೆ ನಿಲ್ಲದಂತೆ ಕಾನೂನು ಬರಲಿ.

ಈ ಮೂರನ್ನೂ ಮಾಡಿಸುವ ಶಕ್ತಿ ತಮಗಿಲ್ಲವೆಂದು ಬಲ್ಲೆ. ಆದ್ದರಿಂದ ಈ ಪತ್ರದ ಪ್ರತಿಯನ್ನು ಓದುಗರಿಗೂ ಒಪ್ಪಿಸುತ್ತಿದ್ದೇನೆ. ಮುಂದಿನ ಸಲ ಮತ ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ರಸ್ತೆ ನೀರಿನ ಮಾತಿಗೆ ಮುಂಚೆ ಒಂದು ಪ್ರಶ್ನೆ ಕೇಳಿ: ‘ಐದು ವರ್ಷ ಇರ್ತೀರಾ?’ ಇರುತ್ತೇನೆಂದು ಊರಿನವರೆದುರು ಹೇಳದವರಿಗೆ ಮತ ಕೊಡಬೇಡಿ.

ಇಂತಿ ತಮ್ಮ ವಿಧೇಯ,
ಪಾಪಿನಾಯಕನಹಳ್ಳಿಯ ಒಬ್ಬ ಮತದಾರ